ನಾರಿಗೂ ಒಂದು ಬಣ್ಣ

ಹೂವಿನ ಸಂಗಡ ನಾರೂ ಸ್ವರ್ಗಕ್ಕೆ ಹೋಯಿತು ಎಂಬ ಗಾದೆ ನಮ್ಮಲ್ಲಿದೆ. ದೊಡ್ಡವರ ಸಹವಾಸದಿಂದ ಸಣ್ಣವರೂ ಮೇಲಕ್ಕೇರುತ್ತಾರೆ ಎಂಬ ಅರ್ಥದಲ್ಲಿ ಅದನ್ನು ಬಳಸುತ್ತೇವೆ. ಆದರೆ ಬಿಡಿಹೂಗಳನ್ನು ಮಾಲೆಯಾಗಿಸಿದ್ದು ಆ ನಾರೇ ಅಲ್ಲವೇ? ಮಣಿಸರದ ವಿಷಯವೂ ಹೀಗೆಯೇ. ನೋಡಿದವರು ಮಣಿಯನ್ನು ಹೊಗಳುತ್ತಾರೆ. ದಾರದ ಮಾತು ಬರುವುದು ಅದು ಕಿತ್ತುಹೋಗಿ ಮಣಿಗಳೆಲ್ಲ ನೆಲದ ಮೇಲೆ ಉರುಳಿದಾಗ ಮಾತ್ರ.

ಹಳೆಯ ಅಂಗಿಯ ಗುಂಡಿಗಳನ್ನೂ ಗಾಜಿನ ಮಣಿಗಳನ್ನೂ ಎಲಾಸ್ಟಿಕ್ ದಾರದಲ್ಲಿ ಪೋಣಿಸಿ ಕೈಗೆ ಹಾಕಿಕೊಳ್ಳುವ ಸರಗಳನ್ನು ನೀವು ನೋಡಿರಬಹುದು. ಶಾಲೆಯ ಕರಕುಶಲ ಪ್ರದರ್ಶನಗಳಲ್ಲಿ, ಜಾತ್ರೆಯ ಅಂಗಡಿಗಳಲ್ಲಿ, ಮಹಿಳಾ ಸಂಘಗಳ ಮಳಿಗೆಗಳಲ್ಲಿ ಅವು ಸಿಗುತ್ತವೆ. ಕೊಕ್ಕೆ ಬೇಡ, ಗಂಟು ಬಿಚ್ಚುವ ಕೆಲಸವಿಲ್ಲ. ಹಿಗ್ಗಿಸಿ ತೊಡಿಸಿದರೆ ಆಯಿತು. ಆದರೆ ಇದನ್ನು ಮನೆಯಲ್ಲಿ ಮಾಡಹೊರಟವರಿಗೆ ಮೊದಲು ಎದುರಾಗುವುದು ಒಂದು ಸಣ್ಣ ತೊಡಕು. ಅಂಗಡಿಯಲ್ಲಿ ಕೇಳಿದೊಡನೆ ಸಿಗುವ ಎಲಾಸ್ಟಿಕ್ ಬಹುಮಟ್ಟಿಗೆ ಎರಡೇ ಬಣ್ಣದ್ದು: ಒಂದು ಬಿಳಿ, ಇನ್ನೊಂದು ಕಪ್ಪು.

ಒತ್ತಾಗಿ ಕೂತ ಮರದ ಮಣಿಯಾದರೆ ದಾರವನ್ನು ಹೊಟ್ಟೆಯೊಳಗೆ ಅಡಗಿಸಿಕೊಳ್ಳುತ್ತದೆ. ಗುಂಡಿ ಹಾಗಲ್ಲ. ಅದರ ಎರಡು ಅಥವಾ ನಾಲ್ಕು ತೂತುಗಳಲ್ಲಿ ಹಾದು ಬರುವ ದಾರ ಗುಂಡಿಯ ಮುಖದ ಮೇಲೆಯೇ ಮಲಗುತ್ತದೆ. ಪಾರದರ್ಶಕ ಗಾಜಿನ ಮಣಿಯಲ್ಲಂತೂ ಒಳಗಿನ ದಾರದ ಬಣ್ಣವೇ ಮಣಿಯ ಬಣ್ಣವನ್ನು ಬದಲಿಸುತ್ತದೆ. ಒಂದೇ ಮಣಿ ಬಿಳಿ ದಾರದಲ್ಲಿ ತಿಳಿಯಾಗಿಯೂ ಕಪ್ಪು ದಾರದಲ್ಲಿ ಮಂಕಾಗಿಯೂ ಕಾಣುತ್ತದೆ. ಹಾಗಾಗಿ ಎಲಾಸ್ಟಿಕ್ಕಿಗೆ ಬಣ್ಣ ಹಾಕಬೇಕು ಎಂಬ ಆಸೆ ಹುಟ್ಟುವುದು ಸಹಜ. ಹಾಕಲು ಹೋದರೆ ಒಮ್ಮೆ ಬಣ್ಣ ಹಿಡಿಯುತ್ತದೆ, ಇನ್ನೊಮ್ಮೆ ಹಿಡಿಯುವುದೇ ಇಲ್ಲ. ಏಕೆ ಹೀಗೆ? ಉತ್ತರ ಹುಡುಕುತ್ತ ಹೋದರೆ ಇನ್ನೂರು ವರ್ಷಗಳ ಒಂದು ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

ದಾರದ ಹಳಮೆ

ಮಣಿ ಪೋಣಿಸುವ ಕೆಲಸ ಬಟ್ಟೆ ನೇಯುವುದಕ್ಕಿಂತ ಬಹಳ ಹಳೆಯದು. ಇಸ್ರೇಲಿನ ಕಾಫ್ಜೆ ಗುಹೆಯಲ್ಲಿ ಸುಮಾರು 1,20,000 ವರ್ಷ ಹಿಂದಿನ ತೂತುಳ್ಳ ಚಿಪ್ಪುಗಳು ದೊರೆತಿವೆ. ಅವುಗಳ ತೂತಿನ ಅಂಚಿನ ಸವೆತವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ವಿದ್ವಾಂಸರು, ಅವನ್ನು ದಾರದಲ್ಲಿ ತೂಗುಹಾಕಲಾಗಿತ್ತು ಎಂದು 2020ರಲ್ಲಿ ಪ್ರಕಟಿಸಿದರು. ದಾರ ಮಣ್ಣಾಗಿ ಹೋಗಿದೆ. ಅದು ತಿಕ್ಕಿದ ಗುರುತು ಮಾತ್ರ ಉಳಿದಿದೆ. ದಕ್ಷಿಣ ಆಫ್ರಿಕಾದ ಬ್ಲೊಂಬೊಸ್ ಗುಹೆಯಲ್ಲಿ ಸಿಕ್ಕ ಸುಮಾರು 75,000 ವರ್ಷ ಹಿಂದಿನ ಚಿಪ್ಪಿನ ಮಣಿಗಳಲ್ಲಿ ಕೆಲವಕ್ಕೆ ಕೆಂಪು ಕಾವಿಯ ಕಣಗಳು ಅಂಟಿವೆ. ಕಾವಿ ಬಂದದ್ದು ತೊಟ್ಟವರ ಮೈಯಿಂದಲೋ, ಬಣ್ಣ ಬಳಿದ ದಾರದಿಂದಲೋ, ಎರಡೂ ಸಾಧ್ಯ.

ನಮ್ಮಲ್ಲಿ ದಾರದ ಬಣ್ಣಕ್ಕೆ ಬರಿಯ ಅಂದದ ಮಾತಲ್ಲದೆ ಅರ್ಥವೂ ಇದೆ. ತಾಳಿಗೆ ಅರಿಶಿನದ ದಾರ, ಅನಂತನ ವ್ರತಕ್ಕೆ ಕೆಂಪು ದಾರ, ಮಗುವಿನ ಸೊಂಟಕ್ಕೆ ಕಪ್ಪು ಉಡಿದಾರ. ಬಣ್ಣ ತಪ್ಪಿದರೆ ಮನೆಯ ಹಿರಿಯರು ಒಪ್ಪುವುದಿಲ್ಲ. ರೇಷ್ಮೆ ಎಳೆಯ ಕೆಲಸವನ್ನೇ ಕಸುಬಾಗಿಸಿಕೊಂಡಿದ್ದ ಪಟವೇಗಾರರು ಒಡವೆಯ ಬಣ್ಣಕ್ಕೆ ಒಪ್ಪುವ ಎಳೆಯನ್ನು ಆರಿಸುವುದರಲ್ಲಿ ನಿಪುಣರು.

ಹತ್ತಿಗೂ ರೇಷ್ಮೆಗೂ ಬಣ್ಣ ಕಟ್ಟಲು ಬರುವುದು ಏಕೆಂದರೆ ಅವು ನೀರು ಕುಡಿಯುತ್ತವೆ. ನೀರಿನಲ್ಲಿ ಕರಗಿದ ಬಣ್ಣ ನೀರಿನ ಜೊತೆಗೇ ನೂಲಿನ ಒಳಗೆ ಹೋಗಿ ಅಲ್ಲಿ ನೆಲೆಯೂರುತ್ತದೆ. ಮಂಜಿಷ್ಠದಂಥ ಬಣ್ಣಗಳು ತಾವಾಗಿ ನಿಲ್ಲುವುದಿಲ್ಲ, ಅವನ್ನು ಕಚ್ಚಿ ಹಿಡಿಯಲು ಪಟಿಕ ಬೇಕು. ಅರಿಶಿನಕ್ಕೆ ಅದೂ ಬೇಡ, ಹತ್ತಿಯ ದಾರವನ್ನು ಅದ್ದಿ ತೆಗೆದರೆ ಸಾಕು. ಈ ಎರಡು ಸಂಗತಿಗಳನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತವೆ.

ಮಣಿಕಟ್ಟಿನಿಂದಲೇ ಶುರು

ಕೈಯ ಬುಡಕ್ಕೆ ಕನ್ನಡದಲ್ಲಿ ಮಣಿಕಟ್ಟು ಎಂದು ಹೆಸರು. ಮಣಿ ಕಟ್ಟುವ ಜಾಗ ಎಂದು ಓದಿಕೊಂಡರೂ ಒಪ್ಪುತ್ತದೆ. ಕೌತುಕದ ಸಂಗತಿಯೆಂದರೆ, ಎಲಾಸ್ಟಿಕ್ಕಿನ ಮೊದಲ ಕೆಲಸಗಳಲ್ಲಿ ಒಂದು ನಡೆದದ್ದು ಮಣಿಕಟ್ಟಿನ ಮೇಲೆಯೇ.

1820ರ ಏಪ್ರಿಲ್‌ನಲ್ಲಿ ಲಂಡನ್ನಿನ ಥಾಮಸ್ ಹ್ಯಾನ್‌ಕಾಕ್ ಎಂಬಾತ ಒಂದು ಪೇಟೆಂಟ್ ಪಡೆದ. ಉಡುಪಿನ ಭಾಗಗಳಿಗೆ ರಬ್ಬರಿನ ಪಟ್ಟಿ ಹೊಲಿದು ಅವು ಹಿಗ್ಗಿ ಕುಗ್ಗುವಂತೆ ಮಾಡುವುದು ಅದರ ಸಾರ. ಕೈಗವಸಿನ ಮಣಿಕಟ್ಟು, ಕಾಲ್ಚೀಲದ ಪಟ್ಟಿ, ಮೇಲಂಗಿಯ ಬೆನ್ನು ಎಲ್ಲವೂ ಅವನ ಪಟ್ಟಿಯಲ್ಲಿದ್ದವು. ಜೇಬಿನ ಬಾಯಿಗೆ ರಬ್ಬರು ಹೊಲಿದರೆ ಕಳ್ಳರ ಕೈ ಒಳಗೆ ಹೋಗುವುದಿಲ್ಲ ಎಂಬುದೂ ಅವನ ಯೋಚನೆಗಳಲ್ಲೊಂದು! ಅಂದರೆ ಎಲಾಸ್ಟಿಕ್ ಹುಟ್ಟಿದ್ದೇ ಲಾಡಿ ಮತ್ತು ಗುಂಡಿಗಳನ್ನು ಕೆಲಸದಿಂದ ಬಿಡಿಸಲು. ಇಂದು ಅದೇ ಎಲಾಸ್ಟಿಕ್ಕಿನಲ್ಲಿ ಗುಂಡಿಗಳು ಒಡವೆಯಾಗಿ ಕೂತಿವೆ.

ರಬ್ಬರನ್ನು ಹ್ಯಾನ್‌ಕಾಕ್ ಕಂಡುಹಿಡಿಯಲಿಲ್ಲ. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಜನ ಕ್ರಿಸ್ತಪೂರ್ವ 1600ರ ಹೊತ್ತಿಗೇ ಮರದ ಹಾಲಿಗೆ ಒಂದು ಬಳ್ಳಿಯ ರಸ ಬೆರೆಸಿ ಪುಟಿಯುವ ಚೆಂಡುಗಳನ್ನು ಮಾಡುತ್ತಿದ್ದರು; ಕೊಡಲಿಯ ತಲೆಯನ್ನು ಹಿಡಿಗೆ ಬಿಗಿಯಲು ರಬ್ಬರಿನ ಪಟ್ಟಿ ಬಳಸುತ್ತಿದ್ದರು. ಯುರೋಪಿಗೆ ತಲುಪಿದ್ದು ಹೆಪ್ಪುಗಟ್ಟಿದ ಗಡ್ಡೆ. ಅದನ್ನು ಕತ್ತರಿಸಿ ಪಟ್ಟಿ ಮಾಡುವಾಗ ಉಳಿಯುತ್ತಿದ್ದ ಚೂರುಗಳು ವ್ಯರ್ಥವಾಗುವುದನ್ನು ನೋಡಲಾರದೆ, ಹ್ಯಾನ್‌ಕಾಕ್ ಅವನ್ನು ಅರೆಯುವ ಹಲ್ಲಿನ ಯಂತ್ರವೊಂದನ್ನು ಮಾಡಿದ. ಚೂರುಗಳು ಇನ್ನಷ್ಟು ಪುಡಿಯಾಗುವ ಬದಲು ಬಿಸಿಯಾಗಿ ಒಂದೇ ಮುದ್ದೆಯಾದವು. ಗುಟ್ಟು ಹೊರಬೀಳದಿರಲೆಂದು ಆ ಯಂತ್ರವನ್ನು ಉಪ್ಪಿನಕಾಯಿ ಎಂಬ ಅರ್ಥದ ಇಂಗ್ಲಿಷ್ ಹೆಸರಿನಿಂದ ಕರೆಯುತ್ತಿದ್ದನಂತೆ.

ಈ ರಬ್ಬರಿಗೆ ಒಂದು ದೋಷವಿತ್ತು. ಚಳಿಗೆ ಮರದ ತುಂಡಿನಂತೆ ಬಿರುಸಾಗುತ್ತಿತ್ತು, ಬಿಸಿಲಿಗೆ ಬೆಲ್ಲದ ಪಾಕದಂತೆ ಅಂಟುತ್ತಿತ್ತು. ಆ ಕಾಲದ ನೇಕಾರರು ಈ ದೋಷವನ್ನೇ ಗುಣವಾಗಿ ಬಳಸಿಕೊಂಡ ಬಗೆ ಸ್ವಾರಸ್ಯಕರ. ರಬ್ಬರಿನ ಎಳೆಯನ್ನು ಚೆನ್ನಾಗಿ ಹಿಗ್ಗಿಸಿ ತಣ್ಣಗೆ ಇಟ್ಟರೆ ಅದು ಹಿಗ್ಗಿದಂತೆಯೇ ಮಂಪರಿನಲ್ಲಿ ಉಳಿಯುತ್ತಿತ್ತು. ಅದನ್ನು ಸಾಮಾನ್ಯ ನೂಲಿನಂತೆ ಮಗ್ಗಕ್ಕೆ ಹಾಕಿ ಹತ್ತಿಯ ಜೊತೆ ನೇಯುತ್ತಿದ್ದರು. ಆಮೇಲೆ ಮೇಲೊಂದು ಬಿಸಿ ಇಸ್ತ್ರಿ ಎಳೆದರೆ ರಬ್ಬರು ಎಚ್ಚೆತ್ತು ಸುಕ್ಕಿಕೊಂಡು, ಪಟ್ಟಿಗೆ ಸೆಳೆತ ಬರುತ್ತಿತ್ತು.

ಬಿಸಿಲು ಚಳಿಗಳ ಕಾಟ ತಪ್ಪಿಸಿದವನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ಸಾಲಗಾರರ ಸೆರೆಮನೆಯನ್ನು ಹಲವು ಸಲ ಕಂಡಿದ್ದ ಈತ, ಗಂಧಕ ಬೆರೆಸಿದ ರಬ್ಬರಿಗೆ ಬಿಸಿ ತಾಗಿದರೆ ಅದು ಕರಗದೆ ಗಟ್ಟಿಯಾಗುತ್ತದೆಂದು 1839ರಲ್ಲಿ ಕಂಡುಕೊಂಡ. ಅವನ ಅಮೆರಿಕನ್ ಪೇಟೆಂಟ್ 1844ರದು. ಅಷ್ಟರಲ್ಲಿ ಅವನ ಮಾದರಿಗಳನ್ನು ನೋಡಿದ್ದ ಹ್ಯಾನ್‌ಕಾಕ್ ಇಂಗ್ಲೆಂಡಿನಲ್ಲಿ 1843ರ ನವೆಂಬರಿನಲ್ಲೇ ಅರ್ಜಿ ಹಾಕಿ ಅಲ್ಲಿನ ಹಕ್ಕನ್ನು ತನ್ನದಾಗಿಸಿಕೊಂಡಿದ್ದ. ರೋಮನ್ನರ ಅಗ್ನಿದೇವತೆ ವಲ್ಕನ್ನನ ಹೆಸರಿನಿಂದ ಈ ಕ್ರಿಯೆಗೆ ವಲ್ಕನೀಕರಣ ಎಂಬ ಹೆಸರು ಬಂತು. 1845ರಲ್ಲಿ ಸ್ಟೀಫನ್ ಪೆರಿ ರಬ್ಬರ್ ಬ್ಯಾಂಡಿಗೆ ಪೇಟೆಂಟ್ ಪಡೆದ. ಗುಡ್‌ಇಯರ್ 1860ರಲ್ಲಿ ಸತ್ತಾಗ ಹೊರಲಾರದಷ್ಟು ಸಾಲ ಬಿಟ್ಟುಹೋದ. ಅವನ ಹೆಸರಿನ ಟೈರು ಕಂಪೆನಿ ಹುಟ್ಟಿದ್ದು 1898ರಲ್ಲಿ. ಅವನ ಮನೆತನಕ್ಕೂ ಅದಕ್ಕೂ ಸಂಬಂಧವಿಲ್ಲ.

ಬಣ್ಣ ಒಲ್ಲದ ರಬ್ಬರು

ಸೆಳೆತದ ಸಮಸ್ಯೆ ತೀರಿತು. ಬಣ್ಣದ ಸಮಸ್ಯೆ ಹಾಗೇ ಉಳಿಯಿತು. ಹತ್ತಿಯಂತೆ ರಬ್ಬರು ನೀರು ಕುಡಿಯುವುದಿಲ್ಲ. ನೀರನ್ನು ದೂರವಿಡುವುದೇ ಅದರ ಸ್ವಭಾವ. ಮಳೆಯಂಗಿ ಮಾಡಲು ಅದು ಒದಗಿದ್ದೇ ಈ ಗುಣದಿಂದ. ಹೀಗಿರುವಾಗ ನೀರಿನಲ್ಲಿ ಕರಗಿದ ಬಣ್ಣ ಅದರ ಒಳಹೊಗುವುದಾದರೂ ಹೇಗೆ? ರಬ್ಬರಿಗೆ ಬಣ್ಣ ಬೇಕಾದರೆ ಅರೆಯುವಾಗಲೇ ಬಣ್ಣದ ಪುಡಿಯನ್ನು ಮುದ್ದೆಯೊಳಗೆ ಬೆರೆಸಬೇಕು. ಬಿಳುಪಿಗೆ ಸತುವಿನ ಭಸ್ಮ, ಕಪ್ಪಿಗೆ ಮಸಿ. ಅದರಲ್ಲೂ ತೊಡಕು: ಸೀಸದ ಬಿಳುಪನ್ನು ಬೆರೆಸಿದರೆ ಅದು ಗಂಧಕದೊಡನೆ ಕೂಡಿ ಕಪ್ಪಾಗುತ್ತದೆ. ಹೀಗಾಗಿ ಬೇಕಾದ ಬಣ್ಣಗಳ ಆಯ್ಕೆಯೇ ಕಿರಿದಾಗಿತ್ತು.

ಕಾರ್ಖಾನೆಯವರು ಕಂಡುಕೊಂಡ ಉಪಾಯ ಬೇರೆ. ರಬ್ಬರಿನ ಎಳೆಯನ್ನು ಹಿಗ್ಗಿಸಿ ಹಿಡಿದು, ಅದರ ಸುತ್ತ ಬಣ್ಣ ಹಾಕಿದ ಹತ್ತಿ ಅಥವಾ ರೇಷ್ಮೆಯ ನೂಲನ್ನು ಸುತ್ತಿದರು. ಕೈಬಿಟ್ಟಾಗ ರಬ್ಬರು ಕುಗ್ಗಿ ಸುರುಳಿಗಳು ಒತ್ತೊತ್ತಾಗಿ ಕೂತವು. ಒಳಗಿನ ರಬ್ಬರು ಮರೆಯಾಯಿತು. ಈ ಹೊದಿಕೆಯಿಂದ ಇನ್ನೊಂದು ಲಾಭ: ನೂಲಿನ ಸುರುಳಿ ಪೂರ್ತಿ ಬಿಚ್ಚಿದ ಮೇಲೆ ಎಳೆ ಅದಕ್ಕಿಂತ ಹಿಗ್ಗದು, ಆದ್ದರಿಂದ ರಬ್ಬರು ಅತಿ ಎಳೆತಕ್ಕೆ ಸಿಕ್ಕಿ ಹರಿಯದು. ಇಂಗ್ಲೆಂಡಿನ ಲೆಸ್ಟರ್ ಪಟ್ಟಣ ಇಂಥ ಎಲಾಸ್ಟಿಕ್ ಪಟ್ಟಿಗಳಿಗೆ ಹೆಸರಾಯಿತು. ಜೋಸೆಫ್ ಸ್ಪಾರ್ಕ್ಸ್ ಹಾಲ್ ಎಂಬ ಮೋಚಿ 1837ರಲ್ಲಿ ವಿಕ್ಟೋರಿಯಾ ರಾಣಿಗೆ ಪಕ್ಕದಲ್ಲಿ ಎಲಾಸ್ಟಿಕ್ ಇರುವ ಬೂಟುಗಳನ್ನು ಮಾಡಿಕೊಟ್ಟ ಮೇಲೆ ಅದಕ್ಕೆ ಗೌರವವೂ ಬಂತು.

ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ. ಎಲಾಸ್ಟಿಕ್ ದಾರದಲ್ಲಿ ಸೆಳೆತ ಒಬ್ಬರದು, ಬಣ್ಣ ಇನ್ನೊಬ್ಬರದು. ಸೆಳೆತ ಒಳಗಿನ ತಿರುಳಿನದು. ಬಣ್ಣ ಹೊರಗಿನ ಹೊದಿಕೆಯದು. ಎಲಾಸ್ಟಿಕ್ಕಿಗೆ ಬಣ್ಣ ಹಾಕುವುದೆಂದರೆ ಅದರ ಅಂಗಿಗೆ ಬಣ್ಣ ಹಾಕುವುದು.

ಇವೆರಡೂ ಒಂದಾಗಿ ಬಾಳಲು ಒಪ್ಪದ ಕಾಲವೂ ಇತ್ತು. 1863ರಲ್ಲಿ ಇಂಗ್ಲೆಂಡಿನ ಜಾನ್ ಲೈಟ್‌ಫುಟ್ ಹತ್ತಿಗೆ ಅಚ್ಚಳಿಯದ ಕಪ್ಪು ಹಾಕುವ ವಿಧಾನವೊಂದನ್ನು ತಂದ. ಅನಿಲೀನ್ ಕಪ್ಪು ಎಂದು ಅದರ ಹೆಸರು. ಅದು ಚೆನ್ನಾಗಿ ಮೂಡಲು ತಾಮ್ರದ ಲವಣ ಬಳಸುತ್ತಿದ್ದರು. ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತವೂ ತಾಮ್ರದ ಲವಣವೇ. ಬಟ್ಟೆಗೆ ಅದರಿಂದ ತೊಂದರೆಯಾಗಲಿಲ್ಲ. ಆದರೆ ಅಂಥ ಬಟ್ಟೆಗೆ ರಬ್ಬರು ಸೇರಿಸಿದಾಗ, ಉಳಿದ ಎಳ್ಳಷ್ಟು ತಾಮ್ರದಿಂದ ರಬ್ಬರು ಮೊದಲು ಅಂಟಂಟಾಗಿ, ಆಮೇಲೆ ಬಿರುಕು ಬಿಟ್ಟು ಪುಡಿಯಾಗತೊಡಗಿತು. ತಾಮ್ರ ರಬ್ಬರಿಗೆ ವಿಷ ಎಂಬುದನ್ನು ಉದ್ಯಮ ಕಲಿತದ್ದು ಇಂಥ ನಷ್ಟಗಳಿಂದ. ಆಮೇಲೆ ರಬ್ಬರಿನ ಜೊತೆ ಸೇರುವ ನೂಲು ಮತ್ತು ಬಟ್ಟೆಗಳಲ್ಲಿ ತಾಮ್ರ ಇದೆಯೇ ಎಂದು ಪರೀಕ್ಷಿಸಿಯೇ ಕೊಳ್ಳುವ ರೂಢಿ ಬಂತು.

ಕಾಂಗೋದ ಕೆಂಪು

ಬಣ್ಣದ ಲೋಕದಲ್ಲೂ ಆಗ ದೊಡ್ಡ ಬದಲಾವಣೆ ನಡೆದಿತ್ತು. 1856ರಲ್ಲಿ, ಮಲೇರಿಯಕ್ಕೆ ಔಷಧವಾದ ಕ್ವಿನೈನನ್ನು ಪ್ರಯೋಗಶಾಲೆಯಲ್ಲಿ ಮಾಡಹೊರಟ 18 ವರ್ಷದ ವಿಲಿಯಂ ಪರ್ಕಿನ್‌ಗೆ ಕಲ್ಲಿದ್ದಲಿನ ಡಾಂಬರಿನ ಮೂಲದ ವಸ್ತುವಿನಿಂದ ಒಂದು ನೇರಳೆ ಬಣ್ಣ ಸಿಕ್ಕಿತು. ಅಲ್ಲಿಂದ ರಾಸಾಯನಿಕ ಬಣ್ಣಗಳ ಯುಗ ಶುರುವಾಯಿತು. ಆದರೆ ಮೊದಮೊದಲ ಈ ಬಣ್ಣಗಳು ರೇಷ್ಮೆ ಉಣ್ಣೆಗಳನ್ನು ಒಪ್ಪಿದಂತೆ ಹತ್ತಿಯನ್ನು ಒಪ್ಪಲಿಲ್ಲ; ಹತ್ತಿಗೆ ಅವನ್ನು ಕಚ್ಚಿಸಲು ಬೇರೆ ಪದಾರ್ಥಗಳ ನೆರವು ಬೇಕಿತ್ತು.

ಆ ನೆರವಿಲ್ಲದೆ ಹತ್ತಿಯನ್ನು ನೇರವಾಗಿ ಹಿಡಿದ ಮೊದಲ ಹೆಸರಾಂತ ರಾಸಾಯನಿಕ ಬಣ್ಣ ಬಂದದ್ದು ಜರ್ಮನಿಯಿಂದ. ಪಾಲ್ ಬಾಟಿಗರ್ ಎಂಬ ರಸಾಯನಶಾಸ್ತ್ರಜ್ಞ 1883ರಲ್ಲಿ ಅದನ್ನು ತಯಾರಿಸಿದ. ಅರಿಶಿನದ ಹಾಗೆ, ಅದ್ದಿ ತೆಗೆದರೆ ಸಾಕು. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವಂತೆ, ಈ ಕೆಂಪಿಗೆ ಹುಳಿ ತಾಗಿದರೆ ನೀಲಿಯಾಗುತ್ತಿತ್ತು. ಬರ್ಲಿನ್ನಿನ ಆಗ್ಫಾ ಕಂಪೆನಿ ಅದರ ಹಕ್ಕು ಕೊಂಡು 1885ರಲ್ಲಿ ಮಾರುಕಟ್ಟೆಗೆ ತಂದಿತು. ಹೆಸರೇನಿಡಬೇಕು? ಆಗಷ್ಟೇ ಅದೇ ಬರ್ಲಿನ್ನಿನಲ್ಲಿ, 1884ರ ನವೆಂಬರಿನಿಂದ 1885ರ ಫೆಬ್ರವರಿಯವರೆಗೆ, ಆಫ್ರಿಕದ ಕಾಂಗೋ ಸೀಮೆಯ ಬಗ್ಗೆ ಯುರೋಪಿನ ರಾಷ್ಟ್ರಗಳ ಸಮ್ಮೇಳನ ನಡೆದಿತ್ತು. ಪತ್ರಿಕೆಗಳ ತುಂಬ ಕಾಂಗೋ ಎಂಬ ಹೆಸರು. ಕಂಪೆನಿ ತನ್ನ ಬಣ್ಣಕ್ಕೆ ಕಾಂಗೋ ರೆಡ್ ಎಂದು ಹೆಸರಿಟ್ಟಿತು. ಆ ಬಣ್ಣಕ್ಕೂ ಕಾಂಗೋ ನಾಡಿಗೂ ಬೇರಾವ ಸಂಬಂಧವೂ ಇರಲಿಲ್ಲ.

ಸಂಬಂಧವಿದ್ದದ್ದು ರಬ್ಬರಿಗೆ. ಕಾಂಗೋ ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡನ ಸ್ವಂತ ಆಸ್ತಿಯಾಯಿತು. 1888ರಲ್ಲಿ ಡನ್‌ಲಪ್ ಗಾಳಿ ತುಂಬುವ ಟೈರು ತಂದ ಮೇಲೆ ರಬ್ಬರಿಗೆ ಬಂಗಾರದ ಬೆಲೆ. ಕಾಂಗೋದ ಕಾಡುಗಳಲ್ಲಿ ರಬ್ಬರು ಸಿಗುತ್ತಿದ್ದುದು ಬಳ್ಳಿಗಳಿಂದ. ಹಳ್ಳಿಗೆ ಇಂತಿಷ್ಟು ರಬ್ಬರೆಂದು ಗೊತ್ತುಮಾಡಿ, ತರದಿದ್ದರೆ ಹೆಂಗಸರನ್ನು ಒತ್ತೆ ಹಿಡಿಯುತ್ತಿದ್ದರು, ಹಳ್ಳಿಗಳನ್ನು ಸುಡುತ್ತಿದ್ದರು. ಖರ್ಚಾದ ತೋಟಾಗಳಿಗೆ ಲೆಕ್ಕ ಒಪ್ಪಿಸಲು ಸೈನಿಕರು ಕತ್ತರಿಸಿದ ಕೈಗಳನ್ನು ತರುತ್ತಿದ್ದರು. ಬದುಕಿದ್ದವರ ಕೈಗಳನ್ನೂ ಕಡಿದ ಉದಾಹರಣೆಗಳಿವೆ. ಬ್ರಿಟಿಷ್ ಅಧಿಕಾರಿ ರೋಜರ್ ಕೇಸ್‌ಮೆಂಟನ ವರದಿ 1904ರಲ್ಲಿ ಪ್ರಕಟವಾಯಿತು. ಇ. ಡಿ. ಮೊರೆಲ್ 1906ರಲ್ಲಿ ಬರೆದ ಪುಸ್ತಕದ ಹೆಸರೇ ಕೆಂಪು ರಬ್ಬರು ಎಂಬ ಅರ್ಥದ್ದು. 1908ರಲ್ಲಿ ಕಾಂಗೋವನ್ನು ದೊರೆಯ ಕೈಯಿಂದ ಬೆಲ್ಜಿಯಂ ಸರಕಾರ ವಹಿಸಿಕೊಂಡಿತು. ಅಷ್ಟರಲ್ಲಿ ಲಕ್ಷ ಲಕ್ಷ ಜನ ಸತ್ತಿದ್ದರು.

ಹೀಗೆ ಆ ಕಾಲದ ಸಂತೆಯಲ್ಲಿ ಒಂದೇ ಹೆಸರಿನ ಎರಡು ಸರಕು: ಸೆಳೆತಕ್ಕೆ ಕಾಂಗೋದ ರಬ್ಬರು, ಹೊದಿಕೆಗೆ ಕಾಂಗೋದ ಹೆಸರಿನ ಕೆಂಪು. ಬಣ್ಣದ ಕಡೆಯೂ ಬೆಲೆ ತೆತ್ತವರು ಇದ್ದರು. 1895ರಲ್ಲಿ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೆನ್, ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಕ್ಯಾನ್ಸರನ್ನು ಗುರುತಿಸಿದ. ಕಾಂಗೋ ರೆಡ್ಡಿನ ಮೂಲವಸ್ತು ಬೆಂಜಿಡೀನ್ ಆ ಕಾಯಿಲೆಗೆ ಕಾರಣವೆಂದು ಮುಂದೆ ಸಿದ್ಧವಾಯಿತು. ಇಂಥ ಬಣ್ಣಗಳ ಮೇಲೆ ಜರ್ಮನಿಯಲ್ಲಿಯೂ ಭಾರತದಲ್ಲಿಯೂ ನಿಷೇಧ ಬಂದದ್ದು 1990ರ ದಶಕದಲ್ಲಿ, ಅಂದರೆ ಸುಮಾರು ನೂರು ವರ್ಷಗಳ ನಂತರ.

ಗುಂಡಿಯ ಪಾಡು

ಇತ್ತ ಗುಂಡಿಗೂ ತನ್ನದೇ ಉತ್ಕರ್ಷದ ಕಾಲವಿತ್ತು. ಜರ್ಮನಿಯಿಂದ ವಲಸೆ ಬಂದ ಜಾನ್ ಬೆಪ್ಲೆ ಎಂಬ ಕುಶಲಕರ್ಮಿ 1891ರಲ್ಲಿ ಅಮೆರಿಕದ ಮಸ್ಕಟೀನ್ ಎಂಬಲ್ಲಿ ಮಿಸಿಸಿಪಿ ನದಿಯ ಚಿಪ್ಪಿನಿಂದ ಮುತ್ತಿನ ಹೊಳಪಿನ ಗುಂಡಿ ಮಾಡತೊಡಗಿದ. 1905ರ ಹೊತ್ತಿಗೆ ಆ ಒಂದೇ ಊರಿನಿಂದ ವರ್ಷಕ್ಕೆ ಸುಮಾರು 150 ಕೋಟಿ ಗುಂಡಿಗಳು ಹೊರಡುತ್ತಿದ್ದವು. ನದಿಯ ಚಿಪ್ಪುಗಳು ಬರಿದಾದವು. ಆಮೇಲೆ ಪ್ಲಾಸ್ಟಿಕ್ ಬಂತು. ಅಮೆರಿಕದ ಹುಡುಗಿಯರಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಒಂದು ಹವ್ಯಾಸವಿತ್ತು. ಬಂಧುಗಳಿಂದ, ಗೆಳತಿಯರಿಂದ ಒಂದೊಂದೇ ಚೆಂದದ ಗುಂಡಿ ಕೇಳಿ ಪಡೆದು ಉದ್ದನೆಯ ದಾರಕ್ಕೆ ಪೋಣಿಸುವುದು. 999 ಗುಂಡಿ ಕೂಡಿದ ಮೇಲೆ ಸಾವಿರದ ಗುಂಡಿಯನ್ನು ಮದುವೆಯಾಗುವ ವರನೇ ತರುತ್ತಾನೆಂದು ನಂಬಿಕೆ. ಇಂದಿನ ಗುಂಡಿಯ ಕೈಸರಕ್ಕೆ ಇದನ್ನು ಹಿರಿಯಕ್ಕ ಎನ್ನಬಹುದು. ಅವಳ ದಾರಕ್ಕೆ ಎಲಾಸ್ಟಿಕ್ ಬೇಕಿರಲಿಲ್ಲ, ಏಕೆಂದರೆ ಅದು ಪೆಟ್ಟಿಗೆಯಲ್ಲಿಟ್ಟು ಕಾಪಾಡುವ ಸರ.

ಎಲಾಸ್ಟಿಕ್ಕಿನ ಮುಂದಿನ ಹೆಜ್ಜೆ ಮೈಗಂಟುವ ಉಡುಪುಗಳ ಕಡೆಗೆ. ಅದುವರೆಗೆ ರಬ್ಬರಿನ ಎಳೆಯನ್ನು ತೆಳು ಹಾಳೆಯಿಂದ ಕತ್ತರಿಸಿ ತೆಗೆಯುತ್ತಿದ್ದರು. ಅಡ್ಡಕೊಯ್ದು ನೋಡಿದರೆ ಚೌಕ. 1920ರ ದಶಕದಲ್ಲಿ ಅಮೋನಿಯ ಬೆರೆಸಿ ರಬ್ಬರಿನ ಹಾಲನ್ನು ಹೆಪ್ಪುಗಟ್ಟದಂತೆ ದೂರದೇಶಕ್ಕೆ ಸಾಗಿಸಲು ಸಾಧ್ಯವಾಯಿತು. ಆ ಹಾಲನ್ನು ಸಣ್ಣ ರಂಧ್ರದಿಂದ ಶಾವಿಗೆಯಂತೆ ಇಳಿಸಿ ದುಂಡನೆಯ ನಯವಾದ ಎಳೆ ಮಾಡಿ, ಅದಕ್ಕೆ ಹತ್ತಿ, ರೇಷ್ಮೆ, ರೇಯಾನಿನ ಹೊದಿಕೆ ಸುತ್ತಿದ ನೂಲು ಲ್ಯಾಸ್ಟೆಕ್ಸ್ ಎಂಬ ಹೆಸರಿನಲ್ಲಿ 1931ರಲ್ಲಿ ಅಮೆರಿಕದಲ್ಲಿ ಬಂತು. ಇಂದು ಮಣಿ ಪೋಣಿಸುವ ದುಂಡನೆಯ ಎಲಾಸ್ಟಿಕ್ ಇದರ ವಂಶದ್ದು.

ಎರಡನೆಯ ಮಹಾಯುದ್ಧದಲ್ಲಿ ಜಪಾನ್ 1942ರಲ್ಲಿ ಮಲಯವನ್ನು ಹಿಡಿದಾಗ ರಬ್ಬರು ಬರುವ ದಾರಿಯೇ ಮುಚ್ಚಿತು. ಇಂಗ್ಲೆಂಡ್, ಅಮೆರಿಕಗಳಲ್ಲಿ ಉಡುಪಿನ ಎಲಾಸ್ಟಿಕ್ಕಿಗೆ ಕಡಿವಾಣ ಬಿತ್ತು. ಒಳಉಡುಪಿಗೆ ಲಾಡಿಯೂ ಗುಂಡಿಯೂ ಮರಳಿ ಬಂದವು. ಈ ಕೊರತೆ ಕೃತಕ ಎಳೆಗಳ ಹುಡುಕಾಟಕ್ಕೆ ಚುರುಕು ಕೊಟ್ಟಿತು. 1958ರಲ್ಲಿ ಡುಪಾಂಟ್ ಕಂಪೆನಿಯ ಜೋಸೆಫ್ ಶಿವರ್ಸ್ ರಬ್ಬರಿನ ಹಂಗಿಲ್ಲದ, ಪಾಲಿಯೂರಿಥೇನ್ ಜಾತಿಯ ಎಳೆಯೊಂದನ್ನು ರೂಪಿಸಿದ. ಅದೇ ಸ್ಪ್ಯಾಂಡೆಕ್ಸ್, ಲೈಕ್ರಾ ಅದರ ವ್ಯಾಪಾರದ ಹೆಸರು. ರಬ್ಬರಿಗಿಲ್ಲದ ಒಂದು ಗುಣ ಇದಕ್ಕುಂಟು: ತಕ್ಕ ಬಣ್ಣ ಸಿಕ್ಕರೆ ತಾನೂ ಒಂದಿಷ್ಟು ಹೀರಿಕೊಳ್ಳುತ್ತದೆ. ಸೆಳೆತವೂ ಬಣ್ಣವೂ ಒಂದೇ ಎಳೆಯಲ್ಲಿ ಕೂಡುವ ದಾರಿ ಹೀಗೆ ತೆರೆಯಿತು. 2011ರ ನಂತರ ರೇನ್‌ಬೋ ಲೂಮ್ ಎಂಬ ಆಟಿಕೆಯ ಮೂಲಕ ಮಕ್ಕಳ ಕೈಗೆ ಏರಿದ ಬಣ್ಣಬಣ್ಣದ ಪುಟ್ಟ ರಬ್ಬರ್ ಬಳೆಗಳಲ್ಲಾದರೋ ಬಣ್ಣ ಮುದ್ದೆಯೊಳಗೇ ಬೆರೆತು ಬಂದದ್ದು.

ಇಷ್ಟಾದರೂ ಅಂಗಡಿಯ ಎಲಾಸ್ಟಿಕ್ ಬಿಳಿ ಮತ್ತು ಕಪ್ಪಾಗಿ ಏಕೆ ಉಳಿಯಿತು? ಉತ್ತರ ಸರಳ. ನೂರು ವರ್ಷಕ್ಕೂ ಮಿಕ್ಕಿ ಅದರ ಬಾಳು ಕಳೆದದ್ದು ಚಡ್ಡಿಯ, ಲಂಗದ ಮಡಿಕೆಯೊಳಗೆ. ಕಾಣದ ವಸ್ತುವಿಗೆ ಬಣ್ಣವೇಕೆ? ಮಡಿಕೆಯಿಂದ ಹೊರಬಂದು ಮಣಿಕಟ್ಟಿನ ಮೇಲೆ ಕೂತಾಗಲಷ್ಟೇ ಅದರ ಬಣ್ಣ ಜನರ ಕಣ್ಣಿಗೆ ಬಿದ್ದದ್ದು.

ಸುಳ್ಯದ ಹಾಲು

ಈ ಕಥೆಯ ಒಂದು ಕವಲು ನಮ್ಮ ನಾಡಿಗೂ ಚಾಚಿದೆ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬಾತ ಬ್ರೆಜಿಲಿನಿಂದ ಸುಮಾರು 70,000 ರಬ್ಬರಿನ ಬೀಜಗಳನ್ನು ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಮೊಳೆತವು ಕೆಲವೇ ಸಾವಿರ. ಅವುಗಳಲ್ಲಿ ಸುಮಾರು 1,900 ಸಸಿಗಳು ಅದೇ ವರ್ಷ ಸಿಂಹಳಕ್ಕೆ ಹೋದವು. ಅಲ್ಲಿ ಬೆಳೆದ ತೋಟಗಳಲ್ಲಿ ದುಡಿದವರು ತಮಿಳು ಸೀಮೆಯಿಂದ ಹಡಗು ಹತ್ತಿ ಹೋದ ಕೂಲಿಗಳು. ಸ್ವಾತಂತ್ರ್ಯದ ನಂತರ ಅವರಿಗೆ ಅಲ್ಲಿ ಪೌರತ್ವ ಸಿಗಲಿಲ್ಲ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಲಕ್ಷಗಟ್ಟಲೆ ಜನ ಭಾರತಕ್ಕೆ ಮರಳಬೇಕಾಯಿತು.

ಅವರಲ್ಲಿ ಕೆಲವು ಕುಟುಂಬಗಳಿಗೆ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಭಾಗದಲ್ಲಿ ನೆಲೆ ದೊರೆಯಿತು. 1970ರ ದಶಕದಲ್ಲಿ ಅಲ್ಲಿ ಎದ್ದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ಅವರು ದುಡಿದರು. ರಬ್ಬರು ಕಡಿಯುವುದು ನಸುಕಿನ ಕೆಲಸ. ಬಿಸಿಲೇರಿದರೆ ಹಾಲು ಇಳಿಯುವುದು ಕಡಿಮೆ. ತೊಗಟೆಯನ್ನು ಕೂದಲೆಳೆಯಷ್ಟು ತೆಳ್ಳಗೆ ಕೆತ್ತಬೇಕು. ಕತ್ತಿ ಒಳಗೆ ತಾಗಿದರೆ ಮರಕ್ಕೆ ಗಾಯ. ಈ ಕೆಲಸ ಇಂದಿಗೂ ಬಹುಪಾಲು ಕೈಯಿಂದಲೇ ನಡೆಯುತ್ತದೆ. ಎಲಾಸ್ಟಿಕ್ಕಿನ ಸೆಳೆತ ಯಂತ್ರದಲ್ಲಿ ಹುಟ್ಟಿದ್ದಲ್ಲ, ಇಂಥ ಕೈಗಳಿಂದ ಬಂದದ್ದು.

ಮನೆಯಲ್ಲಿ ಬಣ್ಣ ಕಟ್ಟುವಾಗ

ಚರಿತ್ರೆ ಕಲಿಸಿದ್ದು ಮನೆಯ ಬೋಗುಣಿಗೂ ಅನ್ವಯಿಸುತ್ತದೆ. ಮೊದಲು ತಿಳಿಯಬೇಕಾದ್ದು ಹೊದಿಕೆ ಯಾವ ನೂಲಿನದು ಎಂದು. ಒಂದು ತುಣುಕಿನ ಹೊದಿಕೆಯನ್ನು ಬಿಡಿಸಿ ಚಿಮಟದಲ್ಲಿ ಹಿಡಿದು ದೀಪಕ್ಕೆ ತೋರಿಸಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ ಅಥವಾ ರೇಯಾನ್. ಕರಗಿ ಗಟ್ಟಿ ಗುಳಿಗೆಯಾದರೆ ನೈಲಾನ್ ಇಲ್ಲವೇ ಪಾಲಿಯೆಸ್ಟರ್.

ಹತ್ತಿಯಾದರೆ ತಣ್ಣೀರಿನಲ್ಲಿ ಬಟ್ಟೆಸೋಡಾದ ನೆರವಿನಿಂದ ಹಿಡಿಯುವ ಬಣ್ಣಗಳು ಉತ್ತಮ. ಪರ್ಕಿನ್ನನ ನೇರಳೆಗೆ ನೂರು ತುಂಬಿದ 1956ರಲ್ಲೇ ಇಂಗ್ಲೆಂಡಿನ ಐ.ಸಿ.ಐ. ಕಂಪೆನಿ ಈ ಜಾತಿಯ ಮೊದಲ ಬಣ್ಣಗಳನ್ನು ಮಾರಾಟಕ್ಕೆ ತಂದಿತು. ಅವು ನೂಲಿನೊಡನೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುವುದರಿಂದ ಬೆವರಿಗೆ ಬಿಡುವುದು ಕಡಿಮೆ. ಕುದಿಸುವ ಅಗತ್ಯವಿಲ್ಲದ್ದರಿಂದ ಒಳಗಿನ ಸೆಳೆತಕ್ಕೂ ಧಕ್ಕೆಯಿಲ್ಲ. ನೈಲಾನಿಗೆ ಉಣ್ಣೆ, ರೇಷ್ಮೆಗಳಿಗೆ ಹಾಕುವ, ವಿನೆಗರಿನ ಹುಳಿಯಲ್ಲಿ ಹಿಡಿಯುವ ಬಣ್ಣ ಬೇಕು, ನೀರು ಬಿಸಿಯಿರಬೇಕು. ಪಾಲಿಯೆಸ್ಟರಿಗೆ ಕುದಿಯುವ ನೀರಿನ ಕಾವು ಬೇಕಾದ್ದರಿಂದ ಅದನ್ನು ಮನೆಯಲ್ಲಿ ಮಾಡಹೋಗದೆ ಬಣ್ಣದ್ದನ್ನೇ ಕೊಳ್ಳುವುದು ಲೇಸು.

ಬಣ್ಣದ ನೀರಿನಲ್ಲಿರುವಾಗ ಎಲಾಸ್ಟಿಕ್ಕನ್ನು ಆಗಾಗ ಮೆಲ್ಲಗೆ ಹಿಗ್ಗಿಸಬೇಕು. ಇಲ್ಲದಿದ್ದರೆ ಸುರುಳಿಗಳ ಸಂದಿಗೆ ಬಣ್ಣ ಇಳಿಯದೆ, ತೊಡುವಾಗ ಎಳೆದರೆ ಬಿಳಿಯ ಗೆರೆಗಳು ಇಣುಕುತ್ತವೆ. ಒಳಗಿನ ರಬ್ಬರು ಬಿಳಿಯಾಗಿಯೇ ಉಳಿಯುತ್ತದೆ ಎಂಬುದು ಈಗ ನಮಗೆ ಗೊತ್ತಿರುವುದರಿಂದ ಅದಕ್ಕೆ ಅಚ್ಚರಿಪಡಬೇಕಿಲ್ಲ. ಮೈಲುತುತ್ತ ಸೇರಿದ ಬಣ್ಣದ ಪಾಕ ಬೇಡ. ಬ್ಲೀಚಿಂಗ್ ಪುಡಿ ಬೇಡ. ನೀರು ತಿಳಿಯಾಗುವವರೆಗೆ ಜಾಲಿಸಿ ನೆರಳಿನಲ್ಲಿ ಒಣಗಿಸಬೇಕು. ಬಿಸಿಲೂ ಎಣ್ಣೆಯೂ ರಬ್ಬರಿನ ಹಳೆಯ ವೈರಿಗಳು. ಕೊನೆಗೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಬೇಕು. ಬಟ್ಟೆಗೆ ಬಣ್ಣ ಹತ್ತಿದರೆ ಮುತ್ತುಚಿಪ್ಪಿನ ಗುಂಡಿಗೂ ಮರದ ಮಣಿಗೂ ಹತ್ತುತ್ತದೆ. ತೊಟ್ಟವರ ಚರ್ಮಕ್ಕೂ ಹತ್ತುತ್ತದೆ. ಚಿಕ್ಕ ಮಕ್ಕಳು ಕೈಸರವನ್ನು ಬಾಯಿಗೆ ಹಾಕುತ್ತಾರೆ. ಆದ್ದರಿಂದ ಏನೆಂದು ಬರೆಯದ, ಬಿಡಿಯಾಗಿ ಸಿಗುವ ಬಣ್ಣದ ಪುಡಿಯನ್ನು ಇದಕ್ಕೆ ಬಳಸುವುದು ಸರಿಯಲ್ಲ. ಆ ಎಚ್ಚರವನ್ನು ಕಲಿಸಿದವರು ತಮ್ಮ ಪ್ರಾಣ ಕೊಟ್ಟ ಕಾರ್ಖಾನೆಯ ಕೂಲಿಗಳು.

ಇಷ್ಟೆಲ್ಲ ಮಾಡಿದರೂ ಎಲಾಸ್ಟಿಕ್ಕಿನ ಆಯುಸ್ಸು ಕೆಲವೇ ವರ್ಷ. ಅಜ್ಜನ ಕೋಟಿನ ಗುಂಡಿ ಮೊಮ್ಮಗಳ ಕೈಗೆ ಬಂದೀತು, ಅದನ್ನು ಹಿಡಿದ ದಾರ ಬಾರದು. ಕರಿಮಣಿ ಸರವನ್ನು ಆಗಾಗ ಹೊಸ ದಾರಕ್ಕೆ ಪೋಣಿಸಿಕೊಳ್ಳುವ ನಮ್ಮ ಹೆಂಗಸರಿಗೆ ಇದು ಹೊಸ ಮಾತೇನಲ್ಲ. ಮಣಿ ಉಳಿಯುತ್ತದೆ, ದಾರ ಬದಲಾಗುತ್ತದೆ. ಹಾಗೆ ಬದಲಿಸುವ ದಿನ ಯಾವ ಬಣ್ಣದ ದಾರ ಎಂದು ಯೋಚಿಸುವಾಗ, ಹೂವಿನ ಹಿಂದೆ ಹೋಯಿತೆಂದು ಗಾದೆ ಹೇಳುವ ಆ ನಾರಿನ ಕಡೆಗೂ ಒಂದು ಗಳಿಗೆ ನಮ್ಮ ಗಮನ ಹೋದರೆ ಸಾಕು.